ಹೊಳೆನರಸೀಪುರದಲ್ಲಿ ತಯಾರಾದ ವಂಡರ್‌ಲಾ ಪುಸ್ತಕ

ಹಾಸನ ಜಿಲ್ಲೆಯಲ್ಲಿ ಸ್ಕ್ರ್ಯಾಪ್‌ಬುಕ್ ಮಾಡೋಕೆ ಬೇಕಾದ ಸಾಮಾನೆಲ್ಲ ಒಂದೇ ಅಂಗಡಿಯಲ್ಲಿ ಸಿಗುತ್ತೆ ಅಂತ ನೀವು ಹೊರಟರೆ ಆ ಶನಿವಾರದ ಕಥೆ ಮುಗಿದ ಹಾಗೆ. ನನಗಂತೂ ನಾಲ್ಕು ತಾಲ್ಲೂಕು ಸುತ್ತಬೇಕಾಯ್ತು. ಪ್ರಿಂಟ್ ಹಾಕಿಸಿದ್ದು ಹಾಸನದಲ್ಲಿ. ರಟ್ಟು, ಹೊಲಿಗೆ, ಬೈಂಡಿಂಗ್ ಚನ್ನರಾಯಪಟ್ಟಣದಲ್ಲಿ. ಅಂಟಿಸಿದ್ದು ಹೊಳೆನರಸೀಪುರದ ನಮ್ಮ ಮನೆಯ ನಡುಮನೆಯಲ್ಲಿ. ಇನ್ನು ಫೋಟೋಗಳು ಇದ್ದದ್ದು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ನಮ್ಮ ಭಾವನ ಫೋನಿನಲ್ಲಿ. ಕಷ್ಟ ಇದ್ದದ್ದೇ ಅಲ್ಲಿ. ಅದಕ್ಕೆ ಆಮೇಲೆ ಬರ್ತೀನಿ.

ಸ್ಕ್ರ್ಯಾಪ್‌ಬುಕ್ ಅನ್ನೋದು ಇನ್‌ಸ್ಟಾಗ್ರಾಮ್‌ನಿಂದ ಬಂದ ಹೊಸ ಶೋಕಿ ಅಂತ ನನ್ನ ಟೀಮಿನವರು ಅಂದುಕೊಂಡಿದ್ದಾರೆ. ನಮ್ಮಮ್ಮನ ಹತ್ತಿರ ಮೂರಿವೆ. ಮದುವೆಗೆ ಮುಂಚೆ ವಾರಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ರಂಗೋಲಿ, ಕ್ರೋಷಾ ಡಿಸೈನು, ಅಡುಗೆ, ನಡುನಡುವೆ ರಾಜಕುಮಾರ್. ಅಂಟು ಎಲ್ಲಾ ಮೈದಾದ್ದು, ಅದಕ್ಕೇ ಹಾಳೆಗಳನ್ನು ಅರ್ಧಂಬರ್ಧ ಜಿರಲೆ ತಿಂದಿದೆ. ಅಮೆರಿಕದಲ್ಲಿ ಇದು ಎಂಥಾ ಹುಚ್ಚಾಗಿತ್ತು ಅಂದರೆ, ಲೇಖಕ ಮಾರ್ಕ್ ಟ್ವೇನ್ 1873ರಲ್ಲಿ ಮೊದಲೇ ಅಂಟು ಬಳಿದ ಹಾಳೆಗಳ ಸ್ಕ್ರ್ಯಾಪ್‌ಬುಕ್‌ಗೆ ಪೇಟೆಂಟ್ ತಗೊಂಡಿದ್ದ. ಒದ್ದೆ ಮಾಡಿ ಒತ್ತಿದರೆ ಸಾಕು, ಅಂಟುತ್ತೆ. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಥೀಮ್ ಪಾರ್ಕೂ ಹೊಸದಲ್ಲ ಬಿಡಿ. ದಸರಾ ಗೊಂಬೆ ಕೂರಿಸುವ ಮನೆಗಳಲ್ಲಿ ರಾಗಿ ಮೊಳಕೆ ಬರಿಸಿ, ಕನ್ನಡಿ ಚೂರಿಟ್ಟು ಕೆರೆ ಮಾಡಿ, ಪ್ಲಾಸ್ಟಿಕ್ ಜಿರಾಫೆ ನಿಲ್ಲಿಸಿ ಮಕ್ಕಳು ಮಾಡೋದನ್ನ ‘ಪಾರ್ಕು’ ಅಂತಲೇ ಕರೀತಾರೆ.

ಹೋದ ಡಿಸೆಂಬರ್‌ನಲ್ಲಿ ನಾವು ಏಳು ಜನ ಬಿಡದಿಯ ವಂಡರ್‌ಲಾಗೆ ಹೋಗಿದ್ದೆವು. ಅಪ್ಪ, ಅಮ್ಮ, ಅಜ್ಜಿ, ಅಕ್ಕ, ಭಾವ, ಅವರ ಮಗ ಪುಟ್ಟ, ನಾನು. ಭಾವನ ಹೊಗೆಸೊಪ್ಪು ಆ ವರ್ಷ ಒಳ್ಳೆ ರೇಟಿಗೆ ಹೋಗಿತ್ತು. ರಾಮನಾಥಪುರದ ತಂಬಾಕು ಮಾರುಕಟ್ಟೆಯಿಂದ ದುಡ್ಡು ಬಂದ ವಾರವೇ ಅವರು ಗಾಡಿ ಮಾತಾಡಿದರು. ಖರ್ಚೆಲ್ಲ ಅವರದ್ದೇ, ನನಗೆ ಬಿಡಲಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಹೊರಟು, ಚನ್ನರಾಯಪಟ್ಟಣ, ನಾಗಮಂಗಲ, ಮಂಡ್ಯ ದಾಟಿ ಹತ್ತೂವರೆ ಹೊತ್ತಿಗೆ ಗೇಟಿನ ಮುಂದೆ ಇದ್ದೆವು. ದಾರಿಯಲ್ಲಿ ಎರಡು ಸಲ ಅಜ್ಜಿಯ ಕಾಫಿ, ಒಂದು ಸಲ ಪುಟ್ಟನ ವಾಂತಿ.

ವಂಡರ್‌ಲಾ ಬಗ್ಗೆ ನಿಮಗೆ ನಾನು ಹೇಳಬೇಕಾದ್ದು ಏನಿಲ್ಲ. ಬೆಂಗಳೂರಲ್ಲಿ ಕೆಲಸ ಮಾಡೋ ಯಾರೇ ಆಗಲಿ ಟೀಮ್ ಔಟಿಂಗ್ ಹೆಸರಲ್ಲಿ ಒಂದು ಸಲವಾದರೂ ಅಲ್ಲಿ ನೆನೆದಿರ್ತೀರಿ. ಇದೇ ಕಂಪನಿ 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಅಂತ ಶುರು ಮಾಡಿ, 2005ರಲ್ಲಿ ಬಿಡದಿಗೆ ಬಂತು. ಆಗ ನಾನು ಪ್ರೈಮರಿ ಸ್ಕೂಲಲ್ಲಿದ್ದೆ. ನಮ್ಮ ಹೈಸ್ಕೂಲ್ ಹೊತ್ತಿಗೆ ‘ವಂಡರ್‌ಲಾಗೆ ಹೋಗಿದ್ದೀಯಾ’ ಅನ್ನೋದು ಹೊಳೆನರಸೀಪುರದಲ್ಲಿ ಒಬ್ಬನ ಮನೆಯ ಸ್ಥಿತಿಗತಿ ಅಳೆಯುವ ಪ್ರಶ್ನೆಯಾಗಿತ್ತು. ಏಳು ವರ್ಷದ ಪುಟ್ಟನ ಕ್ಲಾಸಲ್ಲೂ ಹಾಗೇ ಇದೆ ಅಂತ ಈಗ ಗೊತ್ತಾಯ್ತು.

ನಮ್ಮ ಮನೆಯವರ ಆ ದಿನ ಹೇಗಿತ್ತು ಅಂದರೆ: ಅಪ್ಪ ಲಾಕರ್ ಕೀ ಕಾಯುತ್ತಾ ಕೂತರು. ಅಮ್ಮ ಸೀರೆಯಲ್ಲೇ ರೈನ್ ಡಿಸ್ಕೋಗೆ ಹೋಗ್ತೀನಿ ಅಂದು, ಬಿಡಲ್ಲ ಅಂದಾಗ ಅಕ್ಕನ ಚೂಡಿದಾರ್ ಹಾಕಿಕೊಂಡು ಹೋಗಿ ಒಂದು ಗಂಟೆ ಕುಣಿದರು. ಎಪ್ಪತ್ತೆಂಟರ ಅಜ್ಜಿ ವೇವ್ ಪೂಲಿನ ದಡದಲ್ಲಿ ಕಾಲಷ್ಟೇ ನೆನೆಸಿಕೊಂಡು, ಸೈರನ್ ಕೂಗಿ ಅಲೆ ಎದ್ದಾಗ ಊರೆಲ್ಲ ಕಿರುಚಿದರೂ ಅಲ್ಲಾಡದೆ, “ಹೊಳೆ ಬಂದಾಗ ನೋಡಿಲ್ವೇನ್ಲಾ, ಇದೇನ್ ಮಹಾ” ಅಂದರು. ಪುಟ್ಟ ದೊಡ್ಡ ರೋಲರ್ ಕೋಸ್ಟರಿನ ಮುಂದೆ ಎತ್ತರ ಅಳೆಯುವ ಗೆರೆಗೆ ಬೆನ್ನು ಕೊಟ್ಟು ನಿಂತ. ಇನ್ನೊಂದು ಗೇಣು ಬೇಕಿತ್ತು. ತುದಿಗಾಲಲ್ಲಿ ನಿಂತ, ಕೂದಲು ಎಬ್ಬಿಸಿಕೊಂಡ, ಏನೂ ಆಗಲಿಲ್ಲ. ಭಾವ ಅವನನ್ನ ಹೆಗಲ ಮೇಲೆ ಕೂರಿಸಿಕೊಂಡು, ಅಲ್ಲಿಂದಲೇ ಪೂರ್ತಿ ಮೂರು ಸುತ್ತು ತೋರಿಸಿದರು.

ರಾತ್ರಿ ಕೆಂಗೇರಿಯ ನನ್ನ ಬಾಡಿಗೆ ಮನೆಯಲ್ಲಿ ಏಳು ಜನ ಸಾಲಾಗಿ ಮಲಗಿ, ಮಾರನೇ ದಿನ ಕುಣಿಗಲ್ ದಾರಿಯಲ್ಲಿ ವಾಪಸ್ ಬಂದೆವು. ಚನ್ನರಾಯಪಟ್ಟಣ ತಾಲ್ಲೂಕಿಗೆ ಬಂದ ಮೇಲೆ ಶ್ರವಣಬೆಳಗೊಳಕ್ಕೆ ತಿರುಗಿಸಿ ಅಂದವಳು ಅಕ್ಕ. ಸುಮ್ಮನೆ ಹೊರಟು ಹೋಗೋದು ಬೇಡ, ದೇವರ ಮುಖ ನೋಡಿಕೊಂಡು ಹೋಗೋಣ ಅಂತ.

ಬೆಟ್ಟ ಹತ್ತೋಕೆ ಚಪ್ಪಲಿ ಬಿಡಬೇಕು. ಬಿಸಿಲಿಗೆ ಬಂಡೆ ಕಾದಿರುತ್ತೆ ಅಂತ ಬುಡದಲ್ಲೇ ಕಾಲುಚೀಲ ಮಾರ್ತಾರೆ. ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲನ್ನ ಪುಟ್ಟ ಎಣಿಸಿಕೊಂಡು ಹತ್ತಿದ. ಮಧ್ಯ ಎಲ್ಲೋ ಲೆಕ್ಕ ತಪ್ಪಿ, ಭಾವ ಹೇಳಿದ ಸಂಖ್ಯೆಯಿಂದ ಮುಂದುವರಿಸಿದ. ಭಾವ ಹೇಳಿದ್ದೂ ಅಂದಾಜೇ. ಮೇಲೆ 981ರಲ್ಲಿ ಚಾವುಂಡರಾಯ ಮಾಡಿಸಿದ 58 ಅಡಿಯ ಗೊಮ್ಮಟನ ಮುಂದೆ ನಿಂತು ಅವನು ಕೇಳಿದ ಮೊದಲ ಪ್ರಶ್ನೆ, “ಇವ್ರನ್ನ ರೋಲರ್ ಕೋಸ್ಟರ್‌ಗೆ ಬಿಡ್ತಾರಾ ಅಪ್ಪ?” ಹತ್ತಿರದಲ್ಲಿದ್ದ ಪೂಜೆಯವರೂ ನಕ್ಕುಬಿಟ್ಟರು.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗೋಕಾಗಲ್ಲ. ಶ್ರವಣಬೆಳಗೊಳಕ್ಕೆ ಹೋದವರು ದೊಡ್ಡ ಬೆಟ್ಟ ಹತ್ತಿ, ಎದುರಿಗಿರುವ ಚಿಕ್ಕ ಬೆಟ್ಟವನ್ನ ಬಿಟ್ಟು ಬಂದುಬಿಡ್ತಾರೆ. ದಯವಿಟ್ಟು ಬಿಡಬೇಡಿ. ಚಂದ್ರಗಿರಿಯ ಬಂಡೆ ಮೇಲೆ ಎಲ್ಲೆಂದರಲ್ಲಿ ಅಕ್ಷರ. ಬಿ.ಎಲ್. ರೈಸ್ 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನ ಪ್ರಕಟಿಸಿದ್ದರು. ಆರ್. ನರಸಿಂಹಾಚಾರ್ಯರು 1923ರ ಪರಿಷ್ಕೃತ ಸಂಪುಟದಲ್ಲಿ ಅದನ್ನ 500ಕ್ಕೆ ಏರಿಸಿದರು. ಎಲ್ಲವೂ ರಾಜರ ದಾನ, ಮುನಿಗಳ ಸಲ್ಲೇಖನದ ದೊಡ್ಡ ಬರಹಗಳಲ್ಲ. ಎಷ್ಟೋ ಬರೀ ಹೆಸರು. ಯಾತ್ರೆಗೆ ಬಂದವರು, ಬಂದಿದ್ದಕ್ಕೆ ಗುರುತು ಅಂತ ಕೊರೆಸಿ ಹೋದದ್ದು. ‘ಕವಿರತ್ನ’ ಅಂತ ಒಂದಿದೆ, ಅದು ಕವಿ ರನ್ನನೇ ಬರೆಸಿದ್ದು ಅಂತ ವಿದ್ವಾಂಸರು ಹೇಳ್ತಾರೆ. ಸಾವಿರ ವರ್ಷದ ಹಿಂದೆ ಟಿಕೆಟ್ಟೂ ಇರಲಿಲ್ಲ, ಸೆಲ್ಫಿಯೂ ಇರಲಿಲ್ಲ. ಬಂಡೆ ಇತ್ತು, ಉಳಿ ಇತ್ತು. ಈಗ ನಾವು ಹಾಗೆ ಮಾಡಿದರೆ ಪೊಲೀಸರು ಹಿಡೀತಾರೆ, ಹಿಡೀಬೇಕು ಕೂಡ.

ಇಷ್ಟು ಪ್ರವಾಸ. ಮುಂದಿನದು ನಮ್ಮ ಮನೆಯ ವಿಷಯ.

ಮಾರ್ಚ್‌ನಲ್ಲಿ ಅಕ್ಕ ಎರಡು ಬ್ಯಾಗು ಮತ್ತು ಪುಟ್ಟನ ಜೊತೆ ಹೊಳೆನರಸೀಪುರಕ್ಕೆ ಬಂದಳು. ವಾಪಸ್ ಹೋಗಲಿಲ್ಲ. ಕಾರಣಗಳು ಅವಳವು, ಇಲ್ಲಿ ಬರೆಯೋದಿಲ್ಲ. ಅವಳು ಬಂದದ್ದು ಸರಿ ಅಂತಲೇ ನನ್ನ ಅಭಿಪ್ರಾಯ, ಅದನ್ನ ಭಾವನ ಮುಖಕ್ಕೇ ಹೇಳಿದ್ದೀನಿ. ಹಾಸನದ ಕೋರ್ಟಲ್ಲಿ ಕೇಸಿದೆ. ಎರಡೂ ಕಡೆಯ ಹಿರಿಯರು ಕೂತು, ಎರಡನೇ ಮತ್ತು ನಾಲ್ಕನೇ ಶನಿವಾರ-ಭಾನುವಾರ ಪುಟ್ಟ ಅಪ್ಪನ ಹತ್ತಿರ ಇರಬೇಕು ಅಂತ ಮಾಡಿದ್ದಾರೆ. ಕರೆದುಕೊಂಡು ಹೋಗಿ ಬಿಟ್ಟು ಬರೋ ಕೆಲಸ ಸೋದರಮಾವನಾದ ನನ್ನದು. ಶುಕ್ರವಾರ ರಾತ್ರಿ ಬೆಂಗಳೂರಿಂದ ಬಸ್ಸು, ಶನಿವಾರ ಬೆಳಿಗ್ಗೆ ಅರಕಲಗೂಡಿನ ಬಸ್ಸು.

ಜೂನ್‌ನಲ್ಲಿ ಪುಟ್ಟನ್ನ ಊರಿನ ಶಾಲೆಗೆ ಸೇರಿಸಿದರು. ಹೊಸ ಕ್ಲಾಸಿನಲ್ಲಿ ವಂಡರ್‌ಲಾಗೆ ಹೋಗಿದ್ದೆ ಅಂದಿದ್ದಾನೆ. ಯಾರೂ ನಂಬಿಲ್ಲ. ಫೋಟೋ ತೋರ್ಸು ಅಂದಿದ್ದಾರೆ. ಮನೆಗೆ ಬಂದು ಅಮ್ಮನ ಫೋನು ಕೇಳಿದ. ಅಕ್ಕ ಮಾರ್ಚ್‌ನಲ್ಲೇ ಆ ಫೋಟೋಗಳನ್ನೆಲ್ಲ ಅಳಿಸಿಬಿಟ್ಟಿದ್ದಳು. ನನ್ನ ಫೋನಲ್ಲಿದ್ದದ್ದು ಹತ್ತೋ ಹನ್ನೆರಡೋ, ಅದರಲ್ಲೂ ಅರ್ಧ ಊಟದ ತಟ್ಟೆ. ವಾಟರ್ ರೈಡಿಗೆ ಫೋನು ಒಯ್ಯೋಕೆ ಹೆದರಿ ನಾನು ಲಾಕರಲ್ಲಿಟ್ಟಿದ್ದೆ. ಪ್ಲಾಸ್ಟಿಕ್ ಚೀಲ ಕುತ್ತಿಗೆಗೆ ನೇತುಹಾಕಿಕೊಂಡು ಇಡೀ ದಿನ ಫೋಟೋ ಹೊಡೆದವರು ಭಾವ.

“ಪುಸ್ತಕ ಮಾಡ್ಕೊಡು ಮಾಮ, ಸ್ಕೂಲಿಗೆ ತಗೊಂಡೋಗೋ ಥರದ್ದು” ಅಂದ ಪುಟ್ಟ. ಶಾಲೆಗೆ ಫೋನು ಒಯ್ಯಂಗಿಲ್ಲವಲ್ಲ.

ಅಮ್ಮ ಒಪ್ಪಲಿಲ್ಲ. ಆ ಮನುಷ್ಯನ ಮುಖ ಮತ್ತೆ ಈ ಮನೆ ಟೀಪಾಯಿ ಮೇಲೆ ಬೇಡ, ಬೇಕಿದ್ರೆ ಅವನಿಲ್ಲದ ಫೋಟೋ ಮಾತ್ರ ಹಾಕು, ಮಿಕ್ಕಿದ್ದನ್ನ ಕತ್ತರಿಸು ಅಂದರು. ಅಪ್ಪ ಎಂದಿನಂತೆ ಪೇಪರ್ ಮಡಚಿಟ್ಟು ತೋಟಕ್ಕೆ ಹೋದರು. ಅಕ್ಕ ಸುಮಾರು ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಅವನ ಪುಸ್ತಕ, ಅವನಿಗೆ ಬೇಕಾದ್ದು ಹಾಕ್ಕೊಳ್ಳಲಿ. ನನ್ನ ಕೈಲಿ ಮಾತ್ರ ಅಂಟಿಸ್ಬೇಡ” ಅಂದಳು.

ಅಮ್ಮನ ಬಾಯಿ ಮುಚ್ಚಿಸಿದ್ದು ಅಜ್ಜಿ. ಅಜ್ಜಿಯ ತವರು ಗೊರೂರಿನ ಹಿನ್ನೀರಲ್ಲಿ ಮುಳುಗಿದೆ. 1979ರಲ್ಲಿ ಹೇಮಾವತಿ ಅಣೆಕಟ್ಟು ಮುಗಿದಾಗ ನೀರು ನಿಂತ ಹಳ್ಳಿಗಳಲ್ಲಿ ಅದೂ ಒಂದು. ಆ ಕಡೆ ಎಲ್ಲರಿಗೂ ಗೊತ್ತಿರೋದು ಶೆಟ್ಟಿಹಳ್ಳಿಯ ಚರ್ಚು. ಫ್ರೆಂಚ್ ಪಾದ್ರಿಗಳು 19ನೇ ಶತಮಾನದಲ್ಲಿ ಕಟ್ಟಿದ್ದು, ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮತ್ತೆ ಎದ್ದು ನಿಲ್ಲುತ್ತೆ. ಬೈಕ್ ತಗೊಂಡು ಬೆಂಗಳೂರಿಂದ ಹುಡುಗರು ಬರ್ತಾರೆ, ಪ್ರೀ ವೆಡ್ಡಿಂಗ್ ಶೂಟ್ ಆಗುತ್ತೆ. ಅಜ್ಜಿ ಮನೆ ಮಣ್ಣಿನದು, ಅದು ಏಳಲ್ಲ. “ನಮ್ಮನೆ ಜಗಲಿ ಯಾವ ದಿಕ್ಕಿಗಿತ್ತು ಅಂತ ನನ್ ತಂಗಿಗೂ ನಂಗೂ ಇವತ್ತಿಗೂ ಜಗಳ. ತೋರ್ಸಕ್ಕೆ ಒಂದು ಚಿತ್ರ ಇಲ್ಲ. ಸುಮ್ಕೆ ಮಾಡ್ಲಿ ಬುಡು, ಮಗ ಕೇಳ್ತದೆ” ಅಂದರು. ಅಮ್ಮ ಕುಕ್ಕರ್ ಇಡೋಕೆ ಒಳಗೆ ಹೋದರು.

ಆಗಸ್ಟಿನ ಎರಡನೇ ಶನಿವಾರ ಪುಟ್ಟನ್ನ ಬಿಡೋಕೆ ಹೋದಾಗ ನಾನು ಅಲ್ಲೇ ಉಳಿದುಕೊಂಡೆ. ಹೊಳೆನರಸೀಪುರದಿಂದ ಅರಕಲಗೂಡಿಗೆ ಮೂವತ್ತು ಕಿಲೋಮೀಟರ್ ಆಸುಪಾಸು. ಆದರೆ ಮಣ್ಣು, ಬೆಳೆ, ಗಾಳಿಯ ವಾಸನೆ ಎಲ್ಲಾ ಬದಲಾಗುತ್ತೆ. ನಮ್ಮ ಕಡೆ ಹೇಮಾವತಿ ನಾಲೆಯ ಭತ್ತ. ಅವರ ಕಡೆ ಮಳೆ ನಂಬಿದ ಹೊಲದಲ್ಲಿ ಹೊಗೆಸೊಪ್ಪು, ಮಧ್ಯೆ ಉದ್ದುದ್ದ ಗೋಡೆಯ ಬ್ಯಾರನ್‌ಗಳು. ಆಗಸ್ಟ್ ಅಂದರೆ ಸೊಪ್ಪು ಬೇಯಿಸುವ ಕಾಲ. ಹಸಿ ಎಲೆಯನ್ನ ದಾರದಲ್ಲಿ ಕೋಲಿಗೆ ಕಟ್ಟಿ, ಬ್ಯಾರನ್ ಒಳಗೆ ಸಾಲಾಗಿ ನೇತುಹಾಕಿ, ಐದಾರು ದಿನ ಕೆಳಗಿಂದ ಶಾಖ ಕೊಡ್ತಾರೆ. ಮೊದಲು ಎಲೆ ಹಳದಿಯಾಗಬೇಕು, ಆಮೇಲೆ ಒಣಗಬೇಕು. ಶಾಖ ಒಂದೇ ಸಲ ಏರಿದರೆ ಬಣ್ಣ ಕೆಟ್ಟು ರೇಟು ಬಿದ್ದುಹೋಗುತ್ತೆ. ಅದಕ್ಕೇ ರಾತ್ರಿಯೆಲ್ಲಾ ಒಬ್ಬರು ಥರ್ಮಾಮೀಟರ್ ಕಾಯಬೇಕು.

ಭಾವ ಬ್ಯಾರನ್ ಮುಂದೆ ಕಂಬಳಿ ಹೊದ್ದು ಕೂತಿದ್ದರು. ಪುಟ್ಟ ಒಳಗೆ ಅವನ ಇನ್ನೊಬ್ಬ ಅಜ್ಜಿಯ ಪಕ್ಕ ಮಲಗಿದ್ದ. ಮಾರ್ಚ್ ಆದಮೇಲೆ ನಾವಿಬ್ಬರು ಬಸ್‌ಸ್ಟ್ಯಾಂಡಲ್ಲಿ ‘ಬಂದ್ರಾ’, ‘ಬರ್ತೀನಿ’ ಬಿಟ್ಟು ಮಾತಾಡಿರಲಿಲ್ಲ. ವಿಷಯ ಹೇಳಿದೆ.

“ಎಷ್ಟು ಬೇಕು?” ಅಂದರು.

“ಎಲ್ಲಾ.”

“ಅವಳು ನೋಡ್ತಾಳಾ?”

“ಗೊತ್ತಿಲ್ಲ ಭಾವ.”

ಫೋನು ಕೈಗೆ ಕೊಟ್ಟರು. ಒಂದನ್ನೂ ಅಳಿಸಿರಲಿಲ್ಲ. ಎರಡು ದಿನದ್ದು ಒಟ್ಟು 412.

ಇಲ್ಲಿ ಸ್ವಲ್ಪ ಇಂಜಿನಿಯರ್ ಮಾತು, ನಿಮಗೂ ಉಪಯೋಗಕ್ಕೆ ಬರುತ್ತೆ. ಫೋಟೋಗಳನ್ನ ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಬೇಡಿ. ಅದು ಚಿತ್ರವನ್ನ ಕುಗ್ಗಿಸುತ್ತೆ, ಜೊತೆಗೆ ಫೋಟೋ ತೆಗೆದ ದಿನ, ಗಂಟೆ, ಜಾಗದ ಮಾಹಿತಿಯನ್ನೂ ಕಿತ್ತುಹಾಕುತ್ತೆ. ಆಮೇಲೆ ಯಾವುದು ಮೊದಲು ಯಾವುದು ಆಮೇಲೆ ಅಂತ ತಲೆ ಕೆರ್ಕೋಬೇಕು. ಡಾಕ್ಯುಮೆಂಟ್ ಅಂತ ಆಯ್ಕೆ ಮಾಡಿ ಕಳಿಸಿದರೆ ಇದ್ದದ್ದು ಇದ್ದ ಹಾಗೆ ಬರುತ್ತೆ. ಆ ಹಳ್ಳಿಯಲ್ಲಿ ನೆಟ್‌ವರ್ಕ್ ಒಂದು ಕಡ್ಡಿ, ಹಾಗಾಗಿ ನಾನು ಲ್ಯಾಪ್‌ಟಾಪಿಗೆ ಕೇಬಲ್ ಹಾಕಿದೆ. ಕಾಪಿ ಆಗುತ್ತಿದ್ದಾಗ ಭಾವ ಎರಡು ಸಲ ಎದ್ದು ಥರ್ಮಾಮೀಟರ್ ನೋಡಿ ಬಂದರು, ಒಂದು ಸಲ ಕಾಫಿ ಮಾಡಿಸಿಕೊಂಡು ಬಂದರು. ಬೇರೆ ಮಾತಾಗಲಿಲ್ಲ.

ಮಾರನೇ ವಾರ ಆ 412ನ್ನ ವೇಳೆಯ ಪ್ರಕಾರ ಜೋಡಿಸಿ, ಪುಟ್ಟನ್ನ ಪಕ್ಕದಲ್ಲಿ ಕೂರಿಸಿಕೊಂಡು ನೋಡಿದಾಗ ಒಂದು ವಿಷಯ ಹೊಳೆಯಿತು. ಅಮ್ಮ ಅಷ್ಟೊಂದು ಹೆದರಿದ್ದ ಮುಖ ಇದ್ದದ್ದು ಬರೀ ಮೂರರಲ್ಲಿ. ಯಾರೋ ದಾರಿಹೋಕರ ಕೈಗೆ ಫೋನು ಕೊಟ್ಟು ತೆಗೆಸಿದ ಗುಂಪಿನ ಫೋಟೋಗಳು. ಮಿಕ್ಕ 409ರಲ್ಲಿ ಭಾವ ಇಲ್ಲ. ಯಾವಾಗಲೂ ಫೋನಿನ ಹಿಂದೆಯೇ ಇದ್ದರು. ನಿಮ್ಮ ಮನೆಯ ಆಲ್ಬಂ ತೆಗೆದು ನೋಡಿ, ಹೀಗೆ ಒಬ್ಬರು ಕಾಣೆಯಾಗಿರ್ತಾರೆ.

ಪುಟ್ಟ ಮಾತ್ರ ಹುಡುಕೋಕೆ ಶುರು ಮಾಡಿದ. ಅವನಿಗೆ ಅದೊಂದು ಆಟವಾಯ್ತು. ಲೇಜಿ ರಿವರಿನ ಪಕ್ಕದ ನೆಲದ ಮೇಲೆ ಉದ್ದಕ್ಕೆ ಬಿದ್ದ ನೆರಳು, “ಇದು ಅಪ್ಪ.” ಅಜ್ಜಿಯ ತೋಳು ಹಿಡಿದ, ಮಣಿಕಟ್ಟಿನಿಂದ ಆಚೆ ಕತ್ತರಿಸಿಹೋದ ಕೈ, “ಇದು ಅಪ್ಪ.” ಗಾಡಿಯ ಕನ್ನಡಿಯಲ್ಲಿ ಅರ್ಧ ಹಣೆ. ಒಂದು ಫೋಟೋದಲ್ಲಿ ಮುಕ್ಕಾಲು ಭಾಗ ಕೆಂಪಗೆ ಮಸುಕಾಗಿದೆ, ಮೂಲೆಯಲ್ಲಿ ಪುಟ್ಟನ ಒದ್ದೆ ಕಾಲು. ನಾನು ಅದನ್ನ ತೆಗೆದುಹಾಕುವ ಪಟ್ಟಿಗೆ ಸೇರಿಸಿದ್ದೆ. “ಅಯ್ಯೋ ಬೇಡ ಮಾಮ, ಅದು ಅಪ್ಪನ ಹೆಬ್ಬೆಟ್ಟು. ಹಾಕು ಹಾಕು.” ಹಾಕಿದೆ. ಗೊಮ್ಮಟನ ಕಾಲಡಿಯ ಗುಂಪಿನ ಫೋಟೋಗಿಂತ ಅದಕ್ಕೇ ದೊಡ್ಡ ಜಾಗ ಸಿಕ್ಕಿತು.

ಅರವತ್ತು ಫೋಟೋ ಆರಿಸಿ ಹಾಸನಕ್ಕೆ ಹೋದೆ. ನಾಲ್ಕು ವರ್ಷ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜಲ್ಲಿ ಓದಿದ ಊರು. ಎಲ್ಲಿ ಒಳ್ಳೆ ಕಾಫಿ, ಎಲ್ಲಿ ಮಾತಿಲ್ಲದೆ ಜೆರಾಕ್ಸ್ ಮಾಡಿಕೊಡ್ತಾರೆ ಅನ್ನೋದು ಇನ್ನೂ ಕಾಲಿಗೆ ನೆನಪಿದೆ. ಪ್ರಿಂಟ್ ಬೇಗ ಆಯ್ತು. ನೀವು ಹಾಕಿಸುವಾಗ ಹೊಳಪಿನ ಹಾಳೆ ಬೇಡ, ಮ್ಯಾಟ್ ಕೇಳಿ. ಮಕ್ಕಳ ಬೆರಳಚ್ಚು ಕಾಣಲ್ಲ, ಅಂಟೂ ಚೆನ್ನಾಗಿ ಹಿಡಿಯುತ್ತೆ. ಹಳದಿಯಾಗದ ದಪ್ಪ ಹಾಳೆ ಬೇಕು ಅಂತ ಮಾತ್ರ ಬಿ.ಎಂ. ರಸ್ತೆಯ ಉದ್ದಕ್ಕೂ ಕೇಳಿದೆ. ಚಾರ್ಟ್ ಪೇಪರ್ ಇದೆ, ಥರ್ಮಾಕೋಲ್ ಇದೆ, ಗ್ಲಿಟರ್ ಇದೆ. 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನ 1982ರಿಂದ ಸಂಭಾಳಿಸುತ್ತಿರುವ ಇಸ್ರೋ ಕೇಂದ್ರ ಇರುವ ಊರಲ್ಲಿ ಒಂದು ಒಳ್ಳೆ ಹಾಳೆ ಇಲ್ಲವಲ್ಲ ಅನ್ನಿಸಿ ನಗು ಬಂತು. ಕೊನೆಗೆ ಡ್ರಾಯಿಂಗ್ ಪರೀಕ್ಷೆಗೆ ಮಕ್ಕಳು ಒಯ್ಯುವ ಕಾರ್ಟ್ರಿಜ್ ಶೀಟು ಸಿಕ್ಕಿತು. ಅದು ಸಾಕು.

ಟಿಕೆಟ್ ವಿಷಯ ಹೇಳಲೇಬೇಕು. ಬಸ್ ಟಿಕೆಟ್ಟು, ಪಾರ್ಕಿಂಗ್ ಚೀಟಿ, ಹೋಟೆಲ್ ಬಿಲ್ಲು, ಇವೆಲ್ಲ ಈಗ ಥರ್ಮಲ್ ಪೇಪರ್. ಅದರಲ್ಲಿ ಶಾಯಿ ಇಲ್ಲ, ಶಾಖ ತಾಗಿದ ಕಡೆ ಹಾಳೆಯೇ ಕಪ್ಪಾಗುತ್ತೆ ಅಷ್ಟೇ. ಬಿಸಿಲು, ಪ್ಲಾಸ್ಟಿಕ್, ಅಂಟು ಯಾವುದು ತಾಗಿದರೂ ಬರಹ ಮಾಯ. ಡಿಸೆಂಬರಿನ ಚೀಟಿಗಳನ್ನ ಅಮ್ಮ ಪರ್ಸಲ್ಲಿ ಇಟ್ಟಿದ್ದರು, ಹುಷಾರಿನ ಹೆಂಗಸು. ಆಗಸ್ಟಿನಲ್ಲಿ ತೆಗೆದಾಗ ಅರ್ಧಕ್ಕರ್ಧ ಬಿಳಿ. ಉಳಿದದ್ದನ್ನ ಜೆರಾಕ್ಸ್ ಮಾಡಿಸಿ ಆ ಪ್ರತಿಯನ್ನ ಅಂಟಿಸಿದೆ. ಜೆರಾಕ್ಸಿನ ಕಪ್ಪು ಅಂದರೆ ಕರಗಿ ಹಾಳೆಗೆ ಹತ್ತಿಕೊಂಡ ಟೋನರ್ ಪುಡಿ, ಅಷ್ಟು ಸುಲಭಕ್ಕೆ ಹೋಗಲ್ಲ. ನಿಮ್ಮ ಹತ್ತಿರ ಜೋಪಾನವಾಗಿಟ್ಟ ಮೊದಲ ಸಿನಿಮಾದ ಟಿಕೆಟ್ಟೋ, ಯಾರದೋ ಜೊತೆ ಕುಡಿದ ಕಾಫಿಯ ಬಿಲ್ಲೋ ಇದ್ದರೆ ಇವತ್ತೇ ಮಾಡಿಸಿ. ನಾಳೆ ಅಂದರೆ ಬರೀ ಬಿಳಿ ಹಾಳೆ.

ಚನ್ನರಾಯಪಟ್ಟಣದ ಬೈಂಡಿಂಗ್ ಅಂಗಡಿಯವರು ಮಂಡಿ ಲೆಕ್ಕದ ಪುಸ್ತಕ ಹೊಲಿದು ಕೈ ಪಳಗಿದವರು. ಎಸ್.ಎಲ್. ಭೈರಪ್ಪನವರ ಸಂತೇಶಿವರ ಇದೇ ತಾಲ್ಲೂಕು ಅಂತ ಅವರಿಗೆ ಬಹಳ ಹೆಮ್ಮೆ. ಕಪಾಟಿನಲ್ಲಿ ತಾವೇ ಮರು ಬೈಂಡ್ ಮಾಡಿದ ‘ಗೃಹಭಂಗ’ ಇಟ್ಟಿದ್ದಾರೆ. ನಾನು ಕಾಲುಚೀಲ ತೋರಿಸಿದೆ. ಹೌದು, ಶ್ರವಣಬೆಳಗೊಳದಲ್ಲಿ ಕೊಂಡ ಪುಟ್ಟನ ಕಾಲುಚೀಲ. ಒಂದು ಕಳೆದುಹೋಗಿ ಒಂದು ಉಳಿದಿತ್ತು, ಅದು ಪುಸ್ತಕದಲ್ಲಿ ಇರಲೇಬೇಕು ಅಂತ ಅವನ ಹಟ. ಅವರು ನಗಲಿಲ್ಲ. “ಇಂಥಾವೆಲ್ಲ ಅಂಟಿಸಿದ್ರೆ ಪುಸ್ತಕ ಬಾಯಿ ಬಿಟ್ಕತ್ತದೆ ಸಾರ್. ಎರಡು ಹಾಳೆ ಮಧ್ಯ ಒಂದೊಂದು ಅಗಲದ ಪಟ್ಟಿ ಸೇರಿಸಿ ಹೊಲಿತೀನಿ, ಬೆನ್ನು ದಪ್ಪ ಇರ್ತದೆ, ಒಳಗೆ ಎಷ್ಟು ತುಂಬಿದ್ರೂ ಮುಚ್ಕತ್ತದೆ” ಅಂದರು. ಹಾಗೇ ಮಾಡಿದರು. ಬೆನ್ನಿಗೆ ಕೆಂಪು ಕ್ಯಾಲಿಕೋ ಬಟ್ಟೆ, ಎರಡೂ ಕಡೆ ದಪ್ಪ ರಟ್ಟು. ಪುಸ್ತಕ ಎಲ್ಲಿ ಇರುತ್ತೆ ಅಂತ ಕೇಳಿದರು. ಸ್ಕೂಲ್ ಬ್ಯಾಗಲ್ಲಿ, ಬಸ್ಸಲ್ಲಿ, ಎರಡು ಊರಲ್ಲಿ ಅಂದೆ. ಮೂಲೆಗಳಿಗೂ ಬಟ್ಟೆ ಹಾಕಿಕೊಟ್ಟರು.

ಅಂಟಿಸೋಕೆ ಮೂರು ಭಾನುವಾರ ಬೇಕಾಯ್ತು. ಫೆವಿಕಾಲನ್ನ ನೇರ ಬಳಿದರೆ ಹಾಳೆ ಸುಕ್ಕಾಗುತ್ತೆ. ಅಂಚಿಗೆ ಮಾತ್ರ ತೆಳ್ಳಗೆ ಸವರಿ, ಮೇಲೆ ಅಕ್ಕಿ ಡಬ್ಬ ಹೇರಬೇಕು. ಪುಟ್ಟ ಪ್ರತಿ ಪುಟಕ್ಕೂ ತಾನೇ ಬರೆದ. ‘ಅಜ್ಜಿ ಹೆದರಲಿಲ್ಲ.’ ‘ನಾನು ಇನ್ನೊಂದು ಗೇಣು ಬೇಕು.’ ‘ಇದು ಹೆಬ್ಬೆಟ್ಟು.’ ವಾಂತಿಗೂ ಅರ್ಧ ಪುಟ ಕೊಟ್ಟ, ಚಿತ್ರ ಸಮೇತ. ಗುಂಪಿನ ಮೂರು ಫೋಟೋ ಯಾವುದನ್ನೂ ಕತ್ತರಿಸದೆ ಹಾಗೇ ಇವೆ. ಅಮ್ಮ ಒಂದು ಭಾನುವಾರ ಕನ್ನಡಕ ಹಾಕಿಕೊಂಡು ಬಂದು, ತಾವು ರೈನ್ ಡಿಸ್ಕೋದಲ್ಲಿ ಕುಣಿದ ಫೋಟೋ ಮಾತ್ರ ತೆಗೆಸಿ, ಅದರ ಬದಲು ಬೇರೆ ಚೆನ್ನಾಗಿರೋದು ಹಾಕಿಸಿ ಹೋದರು. ಅಕ್ಕ ಅಡುಗೆಮನೆಯಿಂದ ಆಚೆ ಬರಲಿಲ್ಲ. ಕೊನೆಯಲ್ಲಿ ಆರು ಪುಟ ಖಾಲಿ ಉಳಿದವು.

ಸೆಪ್ಟೆಂಬರಿನ ನಾಲ್ಕನೇ ಶನಿವಾರ ಪುಸ್ತಕ ಅರಕಲಗೂಡಿಗೆ ಹೋಯ್ತು. ಭಾವ ಬಸ್‌ಸ್ಟ್ಯಾಂಡಲ್ಲೇ ಬ್ಯಾಗಿಂದ ತೆಗೆದು ನಿಂತಲ್ಲೇ ಪೂರ್ತಿ ನೋಡಿದರು. ಹೆಬ್ಬೆಟ್ಟಿನ ಪುಟ ಬಂದಾಗ ತಮ್ಮ ಹೆಬ್ಬೆರಳನ್ನ ಒಂದು ಸಲ ನೋಡಿಕೊಂಡರು. “ಚೆನ್ನಾಗ್ ಮಾಡಿದ್ದೀಯ ಕಣಯ್ಯ” ಅಂದರು, ಬೈಕ್ ಹತ್ತಿ ಹೊರಟರು.

ಭಾನುವಾರ ಸಂಜೆ ಪುಟ್ಟ ವಾಪಸ್ ಬಂದಾಗ ಪುಸ್ತಕದಲ್ಲಿ ಎರಡು ಪುಟ ಹೆಚ್ಚಾಗಿತ್ತು. ಒಂದರಲ್ಲಿ ರಾಮನಾಥಪುರದ ವಹ್ನಿ ಪುಷ್ಕರಿಣಿ. ಕಾವೇರಿಯ ಮೆಟ್ಟಿಲ ಹತ್ತಿರ ದೇವರ ಮೀನುಗಳಿಗೆ ಪುರಿ ಹಾಕಿದ್ದಂತೆ, ಆ ಪುರಿ ಕಟ್ಟಿದ್ದ ಕಾಗದವನ್ನೇ ಅಂಟಿಸಿದ್ದರು. ಇನ್ನೊಂದರಲ್ಲಿ ಒಂದು ಸಣ್ಣ ಲಕೋಟೆ. ಒಳಗೆ ಹೊಗೆಸೊಪ್ಪು ಕಟ್ಟುವ ದಾರದ ಸುರುಳಿ, ಒಂದು ತುದಿಗೆ ಗಂಟು. ವಂಡರ್‌ಲಾದಿಂದ ಬಂದ ರಾತ್ರಿ ಪುಟ್ಟನ್ನ ಗೋಡೆಗೆ ನಿಲ್ಲಿಸಿ ಅವನ ಎತ್ತರಕ್ಕೆ ಕತ್ತರಿಸಿ ಮೊಳೆಗೆ ನೇತುಹಾಕಿದ್ದರಂತೆ, ಮುಂದಿನ ವರ್ಷ ಎಷ್ಟಾಗ್ತಾನೆ ನೋಡೋಣ ಅಂತ.

ಪುಟ್ಟ ಇದನ್ನೆಲ್ಲ ಅಜ್ಜಿಗೆ ಹೇಳುತ್ತಿದ್ದ. ಅಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದಳು. ಲಕೋಟೆಯಿಂದ ದಾರ ತೆಗೆದು ಸುರುಳಿ ಬಿಡಿಸಿದಳು. “ಚಪ್ಪಲಿ ಬಿಡು. ನೆಟ್ಟಗೆ ನಿಂತ್ಕೋ” ಅಂದು ಅವನನ್ನ ಬಾಗಿಲ ಚೌಕಟ್ಟಿಗೆ ಒರಗಿಸಿ, ಗಂಟಿನ ತುದಿಯನ್ನ ಅವನ ಹಿಮ್ಮಡಿ ಹತ್ತಿರ ಕಾಲಲ್ಲಿ ಒತ್ತಿ ಹಿಡಿದು ದಾರವನ್ನ ಮೇಲಕ್ಕೆ ಎಳೆದಳು. ಅದು ಅವನ ನೆತ್ತಿ ಮುಟ್ಟಲಿಲ್ಲ. ಎರಡು ಬೆರಳು ಕಮ್ಮಿ.

“ಎಷ್ಟಮ್ಮ? ಎಷ್ಟು?” ಅಂದ ಪುಟ್ಟ, ತಲೆ ಅಲ್ಲಾಡಿಸದೆ.

“ಪೆನ್ಸಿಲ್ ಕೊಡೋ” ಅಂದಳು ಅಕ್ಕ ನನಗೆ.